ವೇಬಿಲ್ಲಿನಾಗ ಇಲ್ಲದ್ದು

ಮಷೀನು ತಗೋ. ಚಾರ್ಜು ಪೂರಾ ಐತಿ,
ಸೊನ್ನೆ ಟಿಕೀಟಿನ ಗುಂಡಿ ಮಾತ್ರ ಒತ್ತಿ ಒತ್ತಿ ಸವದೈತಿ.
ಚೀಲ, ಸೀಟಿ, ಚಿಲ್ಲರೆ ನೂರಾ ನಲವತ್ತು,
ಎಣಿಸಿಕೊಂಡು ಸಹಿ ಹಾಕು.
ಇದು ಡಿಪೋದ ಲೆಕ್ಕ, ತಮ್ಮಾ.
ಇನ್ನೊಂದು ಐತಿ. ಕೂಡು, ಚಾ ಹೇಳೀನಿ.

ಲಿಂಗಸುಗೂರಿಂದ ಕರಿಬಂಡಿ, ನಲವತ್ತೊಂದು ಕಿಲೋಮೀಟರು.
ಬೋರ್ಡಿನ ಮ್ಯಾಗ ಬರದದ್ದು ಇಷ್ಟ.
ರಾತ್ರಿ ಒಂಬತ್ತಕ್ಕ ಅಗಸಿ ಮುಂದ ಬಸ್ಸು ನಿಂತರ
ಬೆಕ್ಕೊಂದು ಹತ್ತತೈತಿ, ಬಾನೆಟ್ಟಿನ ಬಿಸಿಗೆ.
ಓಡಿಸಬ್ಯಾಡ.
ನಮಗ ಪಂಚಾಯ್ತಿ ಕಟ್ಟಿ, ಅದಕ್ಕ ಬಾನೆಟ್ಟು,
ವಸ್ತಿ ಬಸ್ಸು ಅಂದಮ್ಯಾಗ ಎಲ್ಲರಿಗೂ ವಸ್ತಿನ.

ಬೆಳಿಗ್ಗೆ ಐದೂ ಮುಕ್ಕಾಲಿಗೆ ಮೊದಲ ಹಾರ್ನು.
ಅದು ಹೊರಡಾಕ ಅಲ್ಲ, ಊರು ಏಳಾಕ.
ಎರಡನೇದು, ಹಂಚಿನ ಮ್ಯಾಗ ರೊಟ್ಟಿ ಇಟ್ಟವರಿಗೆ.
ಮೂರನೇದಕ್ಕೂ ಯಮನೂರಪ್ಪ ಬರಲಿಲ್ಲಂದ್ರ
ಅವನ ಮನಿ ಮುಂದ ಒಂಚೂರು ನಿಧಾನ ಹೋಗಾಕ ಹೇಳು.
ಚಪ್ಪಲಿ ಕೈಯಾಗ ಹಿಡಕೊಂಡು ಹತ್ತತಾನ, ದಿನಾ.

ಮೂರನೇ ಸೀಟು, ಕಿಟಕಿ ಕಡೆ, ಹುಲಿಗೆಮ್ಮ.
ಬುಟ್ಟಿಯಾಗ ಪುಂಡಿಪಲ್ಯ, ರಾಜಗಿರಿ,
ಸಂತಿ ದಿನ ಬಗಲಾಗ ಒಂದು ಹುಂಜ.
ಆಕಿಗೆ ಸೊನ್ನೆ ಟಿಕೀಟು, ಹುಂಜಕ್ಕ ದುಡ್ಡು.
"ನನಗಿಂತ ನನ್ನ ಹುಂಜಕ್ಕ ಬೆಲಿ ಐತಲ್ಲೋ ಎಪ್ಪಾ"
ಅಂತ ಸಂತಿಗೊಮ್ಮೆ ಬಸ್ಸೆಲ್ಲಾ ನಗಸತಾಳ.
ನೀನೂ ನಗು. ಹೊಸದಾಗಿ ಕೇಳಿದಂಗ ನಗು.
ಆಧಾರ ಕಾರ್ಡು ಕೇಳಬ್ಯಾಡ. ಕೇಳಿದ್ರ ತೋರಸತಾಳ,
ಆದ್ರ ಸೆರಗಿನ ಗಂಟು ಬಿಚ್ಚೂದ್ರಾಗ
ಬಸ್ಸು ಹಳ್ಳ ದಾಟಿರತೈತಿ.

ಹಳ್ಳದ ಆಚಿಕಡೆ ಬನ್ನಿಗಿಡದ ಬುಡಕ ಒಬ್ಬ ಕುರಿ ಕಾಯಾವ,
ಮಾತು ಬರಂಗಿಲ್ಲ, ಕೋಲು ಎತ್ತತಾನ.
ಸೀಟಿ ಊದಬ್ಯಾಡ. ಆತಗ ಬಸ್ಸು ಬ್ಯಾಡ, ಟೈಮು ಬೇಕು.
ಆರು ಬೆರಳು ತೋರಸು,
ಅರ್ಧಕ್ಕ ಒಂದು ಮಡಚು.
ತಡ ಆಗಿದ್ರ ನಮ್ಮನ್ನ ಬೈತಾನ, ಕೋಲಿನಾಗ.

ಈಗ ಚೀಲದ ಈ ಸಣ್ಣ ಖಾನೆ ನೋಡು.
ಇದು ಖಾಜಾಬಿ ಕೊಟ್ಟ ರವಿಕಿ ತುಂಡು.
ಇಟ್ಟಂಗಿ ಬಣ್ಣ ಅಲ್ಲಂತ, ಹಳೇ ಹುಣಸಿಹಣ್ಣಿನ ಬಣ್ಣಂತ.
ಇದಕ್ಕ ಹೊಂದೋ ದಾರದುಂಡಿ ಬೇಕು.
ಬಿಸಿಲಿಗೆ ಹಿಡದು ನೋಡಿ ತಗೋ,
ಅಂಗಡಿ ದೀಪದಾಗ ಎಲ್ಲಾ ಬಣ್ಣ ಸುಳ್ಳು ಹೇಳತಾವ.
ಇದು ಶೇಕ್ಷಾವಲಿ ಮಾಸ್ತರರ ಕನ್ನಡಕದ ಕಾಲು.
ಇದು ನೀರಿನ ಮೋಟರಿನ ವಾಸರು, ಇಂಥದ್ದ ಇನ್ನೊಂದು.
ಚೀಟಿ ದುರುಗಮ್ಮಂದು, ಸಕ್ಕರಿ ಗುಳಿಗಿ.
ಬಿಳೇ ಪಟ್ಟಿ. ಹಳದಿ ಕೊಟ್ರ ತರಬ್ಯಾಡ,
ಹೋದ ಸಲ ಹಳದಿ ನುಂಗಿ ಒಲಿ ಮುಂದ ಬಿದ್ದಿದ್ಲು.

ರೊಕ್ಕ ಕಾಗದದಾಗ ಸುತ್ತಿ ಕೊಡತಾರ.
ಅವರ ಎದುರಿಗೆ ಎಣಿಸಬ್ಯಾಡ.
ಚೆಕ್ಕಿಂಗಿನವರು ಮಾತ್ರ ಎಣಸತಾರ.
ಎಪ್ಪತ್ತು ರೂಪಾಯಿ ಹೆಚ್ಚಿಗಿ ಐತಿ, ಯಾವ ಬಾಬತ್ತು ಅಂದ್ರು.
ಬರದುಕೊಡಂದ್ರು. ಬರದೆ: ದಾರದುಂಡಿ.
ಸಾಹೇಬರು ನಕ್ಕರು.
ಮೆಮೊ ಹಂಗ ಉಳೀತು.
ಅದಕ್ಕ ಈ ರೊಕ್ಕ ಕಿಸೆದಾಗ ಇಡಬ್ಯಾಡ,
ಡ್ರೈವರ್ ಅಮರಪ್ಪನ ಬುತ್ತಿ ಡಬ್ಬಿಯಾಗ ಇಡು.
ನೋಟಿಗೆ ಕೆಂಪು ಚಟ್ನಿ ವಾಸನಿ ಹತ್ತತೈತಿ,
ಅಂಗಡಿಯವ ಸೀನತಾನ, ಅಷ್ಟ.

ಹನ್ನೊಂದು ವರ್ಷ ಈ ರೂಟು.
ಟಿಕೀಟಿನ ಮ್ಯಾಗಿನ ಅಕ್ಷರ ನಾಲ್ಕು ದಿನದ ಬಿಸಿಲಿಗೆ ಅಳಿಸಿ ಹೋಗತಾವ,
ಯಾರು ಎಲ್ಲಿ ಹತ್ತಿದ್ರು, ಎಲ್ಲಿ ಇಳದ್ರು
ಕಾಗದಕ್ಕ ನೆನಪಿರೂದಿಲ್ಲ.
ಅದಕ್ಕ ಹೇಳಾಕತ್ತೀನಿ.

ಕಡೀದು. ಖಾಜಾಬಿಗೆ ನನ್ನ ಕಡಿಂದ ಹನ್ನೆರಡು ರೂಪಾಯಿ ಬಾಕಿ,
ಹೋದ ದಾರದುಂಡಿ ಚಿಲ್ಲರಿ.
ಕೇಳಿದ್ರೂ ನೀನು ಕೊಡಬ್ಯಾಡ.
ನಾನು ಬಂದು ಕೊಡತೀನಂತ ಹೇಳು,
ಟಿಕೀಟು ತಗೊಂಡು, ಹಿಂದಿನ ಸೀಟಿನಾಗ ಕುಂತು.

ಅಗೋ ಚಾ ಬಂತು.
ಸಹಿ ಎಲ್ಲಿ ಹಾಕಿದಿ? ಅಲ್ಲಲ್ಲ, ಕೆಳಗ.